ಇರುವೆ ಯಂತ್ರವಲ್ಲ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಆರು ಮಂಚಗಳ ತಂಗುಕೋಣೆಯಲ್ಲಿ ಐದು ಮಂಚಗಳಿಂದ ಗೊರಕೆ ಕೇಳುತ್ತಿದೆ. ಆರನೆಯ ಮಂಚದ ಮೇಲೆ ಮಾತ್ರ ಒಂದು ಸಣ್ಣ ಬೆಳಕು. ಗೋಡೆಗೆ ದಿಂಬು ಒರಗಿಸಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಹೊದಿಕೆಯನ್ನು ತಲೆಯ ಮೇಲೆ ಗುಡಾರದ ಹಾಗೆ ಎಳೆದುಕೊಂಡು ಐವತ್ತಾರು ವರ್ಷದ ಹೆಂಗಸೊಬ್ಬರು ಕೆಲಸಕ್ಕೆ ಕೂತಿದ್ದಾರೆ. ಪಕ್ಕದವರ ಕಣ್ಣಿಗೆ ಬೆಳಕು ಚುಚ್ಚಬಾರದೆಂದು ಆ ಗುಡಾರ.

ಪರದೆಯ ಮೇಲೆ, ದೂರದ ಯಾವುದೋ ಗ್ರಂಥಾಲಯದವರು ಸಿಟ್ಟಿನಲ್ಲಿ ಬರೆದ ಒಂದೇ ಸಾಲಿನ ದೂರು: ‘ಏನೂ ಕೆಲಸ ಮಾಡ್ತಿಲ್ಲ.’ ಹೆಂಗಸು ಅದನ್ನು ಎರಡು ಸಲ ಓದುತ್ತಾರೆ. ಬಾಯಿಯ ಒಂದು ಮೂಲೆ ಮೇಲೇರುತ್ತದೆ. ಆಮೇಲೆ ಬೆರಳುಗಳು ಓಡುತ್ತವೆ: ‘ನಿಮ್ಮ ದೂರು ತಲುಪಿದೆ. ಮೂರು ಮಾತು ಕೇಳುತ್ತೇನೆ. ನೀವು ಏನು ಮಾಡಿದಿರಿ? ಏನಾಗಬೇಕಿತ್ತು? ಏನಾಯಿತು?’ ಕೆಳಗೆ ಸಹಿ: ಇರುವೆ.

ಇದೇ ಮಧ್ಯಾಹ್ನ ನಾಲ್ಕು ಗಂಟೆಗೆ ಈ ಇರುವೆಯ ಖಾತೆಯನ್ನು ಶಾಶ್ವತವಾಗಿ ಮುಚ್ಚಲಿದ್ದಾರೆ. ಮುಚ್ಚುವವರು ಎದುರು ಕಟ್ಟಡದ ಸಭಾಂಗಣದಲ್ಲಿ ಸೇರಲಿರುವ ನೂರ ನಲವತ್ತು ಜನ. ಅವರಲ್ಲಿ ಯಾರಿಗೂ ಇರುವೆಯ ಮೇಲೆ ಕೋಪವಿಲ್ಲ, ಪ್ರೀತಿಯೇ ಇದೆ. ಆದರೆ ಇರುವೆ ಮನುಷ್ಯಳು ಎಂಬುದು ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಗೊತ್ತಿಲ್ಲದಿರುವುದಕ್ಕೂ ಕಾರಣವಿದೆ. ಇವರೆಲ್ಲ ಸೇರಿ ನಡೆಸುವುದು ಗ್ರಂಥಾಲಯಗಳಿಗಾಗಿ ಮಾಡಿದ ಒಂದು ಮುಕ್ತ ತಂತ್ರಾಂಶ. ಯಾವ ಪುಸ್ತಕ ಯಾರ ಮನೆಗೆ ಹೋಗಿದೆ, ಯಾವುದು ಕಪಾಟಿಗೆ ಮರಳಿದೆ ಎಂದು ನೋಡಿಕೊಳ್ಳುವ ಪ್ರೋಗ್ರಾಂ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಒಳಗನ್ನು ಬಿಚ್ಚಿ ನೋಡಬಹುದು, ತಿದ್ದಬಹುದು. ಕೆಲಸ ಮಾಡುವವರು ಊರೂರುಗಳಲ್ಲಿ ಚದುರಿದ್ದಾರೆ. ಸ್ವಂತ ಹೆಸರು ಬಳಸುವವರು ಕಡಿಮೆ, ಅಡ್ಡಹೆಸರೇ ಎಲ್ಲರ ಗುರುತು. ಇವರ ಜೊತೆಗೆ ಕೆಲವು ಪುಟ್ಟ ಪ್ರೋಗ್ರಾಂಗಳೂ ಅಡ್ಡಹೆಸರು ಇಟ್ಟುಕೊಂಡು ತಮ್ಮ ಪಾಡಿಗೆ ದುಡಿಯುತ್ತವೆ. ಅವಕ್ಕೆ ಬಾಟ್ ಎನ್ನುತ್ತಾರೆ. ಹೀಗೆ ಮನುಷ್ಯರೂ ಬಾಟ್‌ಗಳೂ ಒಂದೇ ಪಂಕ್ತಿಯಲ್ಲಿ ಕೂತಿರುವಾಗ, ವರ್ಷದ ಮುನ್ನೂರ ಅರವತ್ತೈದು ದಿನವೂ ಐದೂ ಹತ್ತಕ್ಕೆ ಶುರು ಮಾಡಿ ಏಳೂ ಇಪ್ಪತ್ತಕ್ಕೆ ಮುಗಿಸುವ, ಎಷ್ಟು ಬೈದರೂ ಒಂದೇ ತಾಳ್ಮೆಯಲ್ಲಿ ಒಂದೇ ಥರ ಉತ್ತರಿಸುವ, ರಜೆ ಕೇಳದ, ಕೆಮ್ಮದ, ಜಗಳವಾಡದ ಖಾತೆಯನ್ನು ಏನೆಂದುಕೊಳ್ಳಬೇಕು?

ಇರುವೆ ದಿನಕ್ಕೆ ಸರಾಸರಿ ಹನ್ನೊಂದು ದೂರು ನೋಡುತ್ತಾರೆ. ಒಂದಕ್ಕೆ ಸುಮಾರು ಹನ್ನೆರಡು ನಿಮಿಷ. ದೂರು ಕೊಟ್ಟವರು ಮಾಡಿದ್ದನ್ನೆಲ್ಲ ತಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ಹಾಗೇ ಮಾಡಿ, ಅದೇ ತಪ್ಪು ಮತ್ತೆ ಬರುತ್ತದೆಯೇ ಎಂದು ನೋಡುತ್ತಾರೆ. ಬಂದರೆ ಹೆಜ್ಜೆ ಹೆಜ್ಜೆಯಾಗಿ ಬರೆದಿಡುತ್ತಾರೆ. ಇದೇ ದೂರು ಹಿಂದೆಯೂ ಬಂದಿದ್ದರೆ ಹುಡುಕಿ ಜೋಡಿಸುತ್ತಾರೆ. ಪ್ರೋಗ್ರಾಂ ಬರೆಯುವವರ ಕೈಗೆ ದೂರು ಹೋಗುವ ಹೊತ್ತಿಗೆ ಅದು ಕಲ್ಲು ಆರಿಸಿದ ಅಕ್ಕಿಯ ಹಾಗಿರುತ್ತದೆ. ಏಳು ವರ್ಷಕ್ಕೆ ಇಂಥವು ಇಪ್ಪತ್ತೆಂಟು ಸಾವಿರ. ಪ್ರೋಗ್ರಾಂನ ಒಂದು ಸಾಲನ್ನೂ ಇರುವೆ ಇದುವರೆಗೆ ಬರೆದಿಲ್ಲ.

“ನಂಗೆ ಅದು ಬರಲ್ಲ,” ಎನ್ನುತ್ತಾರೆ. “ಎ... ಎಲ್ಲಿ ಹರಿದಿದೆ ಅಂತ ತೋರಿಸಕ್ಕೆ ಬರತ್ತೆ.”

ಹರಿದದ್ದನ್ನು ನೋಡುವುದು ಇವರ ಹೊಟ್ಟೆಪಾಡಿನ ಕಸುಬು ಕೂಡ. ಊರಿನ ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಮೂವತ್ತೊಂದು ವರ್ಷದಿಂದ ಇವರು ಪುಸ್ತಕ ಹೊಲಿಯುತ್ತಿದ್ದಾರೆ. ಬೆನ್ನು ಬಿಟ್ಟ ನಿಘಂಟು, ಮೂಲೆ ಮಡಿಸಿ ಮಡಿಸಿ ಉದುರಿಹೋದ ಮಕ್ಕಳ ಕತೆ, ಕಾಫಿ ಕುಡಿದ ಕಾದಂಬರಿ ಎಲ್ಲವೂ ಇವರ ಮೇಜಿಗೆ ಬರುತ್ತವೆ. ಒಂದು ದಬ್ಬಳ, ಮೇಣ ಸವರಿದ ದಾರ, ಅಂಟಿನ ಡಬ್ಬಿ, ರಟ್ಟು. ದಿನಕ್ಕೆ ಹದಿನಾಲ್ಕು ಪುಸ್ತಕ. ಆ ಕೋಣೆಯಲ್ಲಿ ಮಾತಾಡಬೇಕಾದ ಪ್ರಮೇಯವೇ ಇಲ್ಲ. ಇವರು ಆ ಕೆಲಸ ಹಿಡಿದದ್ದೂ ಅದಕ್ಕೇ.

ಇವರಿಗೆ ಉಗ್ಗು. ಮಾತಿನ ಮೊದಲ ಅಕ್ಷರದಲ್ಲೇ ನಾಲಿಗೆ ಕಾಲು ಮುರಿದ ಎತ್ತಿನ ಹಾಗೆ ಕೂತುಬಿಡುತ್ತದೆ. ತರಗತಿಯಲ್ಲಿ ಎದ್ದು ನಿಂತು ಪಾಠ ಓದಬೇಕಾಗುತ್ತದೆಂದು ಏಳನೆಯ ತರಗತಿಗೇ ಶಾಲೆ ಬಿಟ್ಟರು. ಉಗ್ಗುವವರೆಲ್ಲ ಕಲಿಯುವ ಒಂದು ಜಾಣತನವನ್ನು ಇವರೂ ಕಲಿತಿದ್ದಾರೆ. ಒಂದು ಮಾತು ಬರದಿದ್ದರೆ ಪಕ್ಕದ ಮಾತು ಹಿಡಿಯುವುದು. ‘ನೀರು ಕೊಡಿ’ ಎನ್ನಲು ‘ನ’ ಅಡ್ಡ ನಿಂತರೆ ‘ಬಾಯಾರಿದೆ’ ಎನ್ನುತ್ತಾರೆ. ಅದೂ ಬರದಿದ್ದರೆ ಬಾಯಾರಿಕೊಂಡೇ ಇರುತ್ತಾರೆ.

ಏಳು ವರ್ಷದ ಹಿಂದೆ, ಇವರು ಹೊಲಿದು ಕಪಾಟಿಗೆ ಮರಳಿಸಿದ ಪುಸ್ತಕಗಳೆಲ್ಲ ಕಂಪ್ಯೂಟರಿನಲ್ಲಿ ‘ಕಳೆದುಹೋಗಿದೆ’ ಎಂದು ಕಾಣತೊಡಗಿದವು. ಕೌಂಟರಿನವರು ಇವರನ್ನೇ ಅನುಮಾನದಿಂದ ನೋಡಿದರು. ವಾದ ಮಾಡಲು ಬಾಯಿಲ್ಲ. ಹಾಗಾಗಿ ಕೂತು ಪತ್ರ ಬರೆದರು. ಮೊದಲು ಯಾವ ಗುಂಡಿ ಒತ್ತಿದೆ, ಆಮೇಲೆ ಯಾವುದು, ಎಲ್ಲಿ ತಪ್ಪಿತು ಎಂದು ಒಂದು ಪುಟ. ಆಗ ಸಮುದಾಯದ ಮುಖ್ಯಸ್ಥರಾಗಿದ್ದವರು ಮರುದಿನವೇ ಉತ್ತರಿಸಿದರು: ‘ಇಷ್ಟು ನಿಚ್ಚಳವಾದ ದೂರು ನಾನು ಕಂಡಿಲ್ಲ. ಬೇರೆಯವರ ದೂರುಗಳನ್ನೂ ಸ್ವಲ್ಪ ನೋಡಿಕೊಡುತ್ತೀರಾ?’ ಇವರಿಗೊಂದು ಖಾತೆ ತೆರೆದು, ದೂರುಗಳನ್ನು ಜೋಡಿಸುವ, ಮುಗಿಸುವ ಅಧಿಕಾರ ಕೊಟ್ಟರು. ಅಡ್ಡಹೆಸರು ಏನಿಡಲಿ ಎಂದಾಗ ಅಕ್ಕ ಕರೆಯುವ ಹೆಸರನ್ನೇ ಇಟ್ಟರು.

“ಬೆ... ಬೆರಳು ಉಗ್ಗಲ್ಲ ನೋಡಿ,” ಎನ್ನುತ್ತಾರೆ ಇರುವೆ. “ಬರೆಯೋವಾಗ ನಾನೂ ಎಲ್ಲರ ಹಾಗೇ.”

ಆ ಹಳೆಯ ಮುಖ್ಯಸ್ಥರು ಬೇರೆ ಕೆಲಸಕ್ಕೆ ಹೋದರು. ಅಷ್ಟರಲ್ಲಿ ಲೋಕವೆಲ್ಲ ಬಾಗಿಲು ಹಾಕಿಕೊಂಡ ಕಾಲ ಬಂತು. ವರ್ಷಕ್ಕೊಮ್ಮೆ ಸೇರುತ್ತಿದ್ದ ಸಮ್ಮೇಳನ ನಾಲ್ಕು ವರ್ಷ ಪರದೆಯ ಮೇಲೇ ನಡೆಯಿತು. ಸಣ್ಣ ಸಣ್ಣ ಚೌಕಗಳಲ್ಲಿ ಮುಖಗಳು. ಇರುವೆ ನಾಲ್ಕು ವರ್ಷವೂ ಅಡುಗೆಮನೆಯ ಮೇಜಿನಿಂದ ಪೂರ್ತಿ ಕೇಳಿಸಿಕೊಂಡರು. ಇವರ ಚೌಕ ಮಾತ್ರ ಕಪ್ಪಗೆ, ಸದ್ದಿಲ್ಲದೆ. ಹೊಸಬರಿಗೆ ಅದು ಬಾಟ್‌ನ ಚೌಕವಾಗಿಯೇ ಕಂಡಿತು.

ಈ ವರ್ಷ ಮತ್ತೆ ಎದುರುಬದುರು ಸೇರೋಣ ಎಂದು ತೀರ್ಮಾನವಾಯಿತು. ಕಾರ್ಯಕ್ರಮದ ಪಟ್ಟಿ ಬಂತು. ಎರಡನೆಯ ದಿನ ನಾಲ್ಕು ಗಂಟೆಗೆ ‘ಯಜಮಾನರಿಲ್ಲದ ಬಾಟ್ ಖಾತೆಗಳನ್ನು ಮುಚ್ಚುವುದು’. ಒಟ್ಟು ಆರು ಹೆಸರು. ಮೂರನೆಯದು ಇರುವೆ.

ಇರುವೆ ತಕ್ಷಣ ಕೆಳಗೆ ಬರೆದರು: ‘ನಾನು ಬಾಟ್ ಅಲ್ಲ. ಮನುಷ್ಯಳು.’

ಐದು ನಿಮಿಷದಲ್ಲಿ ನಲವತ್ತು ನಗುಮುಖಗಳು ಬಂದು ಬಿದ್ದವು. ‘ಅಯ್ಯೋ ಪಾಪ, ಇದನ್ನ ಯಾರಪ್ಪಾ ಕಲಿಸಿದ್ದು ಇದಕ್ಕೆ!’ ಎಂದು ಒಬ್ಬರು. ‘ಎಲ್ಲಾ ಬಾಟ್‌ಗಳೂ ಹಾಗೇ ಹೇಳೋದು,’ ಎಂದು ಇನ್ನೊಬ್ಬರು. ಇರುವೆಯ ಬೀಳ್ಕೊಡುಗೆಗೆಂದು ‘ನಾನೂ ಇರುವೆ’ ಎಂಬ ಅಂಟುಚೀಟಿ ಬೇರೆ ಅಚ್ಚಾಯಿತು.

ಅಕ್ಕನೇ ರೈಲಿನ ಟಿಕೆಟ್ ತಂದುಕೊಟ್ಟು ಇವರನ್ನು ಹೊರಡಿಸಿದ್ದು. ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಅಕ್ಕ ಇವರಿಗಿಂತ ಒಂಬತ್ತು ವರ್ಷಕ್ಕೆ ದೊಡ್ಡವರು. ಭಾವ ತೀರಿಕೊಂಡ ಮೇಲೆ ಇಬ್ಬರೂ ಒಂದೇ ಮನೆಯಲ್ಲಿದ್ದಾರೆ.

ಏಳೂ ಇಪ್ಪತ್ತು. ಹನ್ನೊಂದನೆಯ ದೂರು ಮುಗಿಸಿ, ಲ್ಯಾಪ್‌ಟಾಪ್ ಮುಚ್ಚಿ, ಇರುವೆ ಮುಖ ತೊಳೆಯಲು ಕಾರಿಡಾರಿಗೆ ಬರುತ್ತಾರೆ. ಫೋನು ಗುಂಯ್‌ಗುಡುತ್ತದೆ.

“ಏನೇ, ತಿಂಡಿ ತಿಂದ್ಯಾ?”

“ಇ... ಇನ್ನೂ ಇಲ್ಲ.”

“ನಿನ್ನೆ ಹೇಳಿದ್ಯಾ ಅವರಿಗೆ?”

“ಇಲ್ಲ.”

“ಮತ್ತೆ ಬೆಳಗಿಂದ ಸಂಜೆ ತನಕ ಏನ್ ಕಡಿದು ಕಟ್ಟೆ ಹಾಕ್ದೆ?”

“ಕ... ಕಪ್ ತೊಳೆದೆ.”

ಅದು ನಿಜ. ನಿನ್ನೆ ನೋಂದಣಿ ಮೇಜಿನಲ್ಲಿ ಬಾಟ್‌ಗಳಿಗೆ ಹೆಸರಿನ ಬಿಲ್ಲೆ ಮಾಡಿಸಿರಲಿಲ್ಲ. ಹೆಸರು ಕೇಳಿದಾಗ ‘ಇ’ ಎಂಬಲ್ಲೇ ನಿಂತ ಇವರ ಕೊರಳಿಗೆ, ಹಿಂದೆ ಸಾಲು ಬೆಳೆಯುತ್ತಿದ್ದುದರಿಂದ, ‘ಅತಿಥಿ’ ಎಂಬ ಬಿಲ್ಲೆ ಬಂತು. ಒಳಗೆ ಹೋದರೆ ಜಾತ್ರೆಯ ಗದ್ದಲ. ನಾಲ್ಕು ವರ್ಷ ಒಬ್ಬರನ್ನೊಬ್ಬರು ಭುಜದಿಂದ ಮೇಲಷ್ಟೇ ನೋಡಿದ್ದವರು. “ಇಷ್ಟು ಎತ್ತರಾನಾ ನೀವು!” “ನೀನೇನೋ ಇಷ್ಟು ಕುಳ್ಳ?” ಎಂದು ಅಪ್ಪಿಕೊಳ್ಳುತ್ತಿದ್ದರು, ಬೆನ್ನು ಗುದ್ದುತ್ತಿದ್ದರು. ಚಹಾದ ವೇಳೆ ಗೋಡೆಗೊರಗಿ ನಿಂತಿದ್ದ ಇರುವೆಯ ಕೈಗೆ ಯಾರೋ ಖಾಲಿ ಕಪ್ ಕೊಟ್ಟು, “ಥ್ಯಾಂಕ್ಸ್ ಅಮ್ಮ,” ಎಂದು ಹೋದರು. ಕೆಲಸದವರೆಂದುಕೊಂಡಿದ್ದರು. ಬೇರೆಯವರೂ ಕೊಟ್ಟರು. ಏಳು ಕಪ್ ಆಯಿತು. ಇರುವೆ ತೊಳೆದಿಟ್ಟರು.

“ಚೀಟಿ ಬರೆದಿಟ್ಕೊಂಡಿದ್ಯಲ್ಲ, ಅದೇನಾಯ್ತು?”

ಚೀಟಿಯನ್ನೂ ಕೊಟ್ಟಿದ್ದರು, ಗೂಬೆಗೆ. ರಾತ್ರಿಯೆಲ್ಲ ಎಚ್ಚರವಿರುವ ಕಾರಣಕ್ಕೆ ಆ ಹೆಸರು ಪಡೆದ ಈತ ಈಗಿನ ಮುಖ್ಯಸ್ಥ. ಗುಂಪಿನ ನಡುವೆ ನಿಂತಿದ್ದ ಗೂಬೆ ಚೀಟಿ ಬಿಚ್ಚಿ ‘ಇರುವೆ ನಾನೇ’ ಎಂದು ಓದಿ, ಜೋರಾಗಿ ನಕ್ಕು, ತನ್ನ ಎದೆಯ ಮೇಲಿನ ‘ನಾನೂ ಇರುವೆ’ ಅಂಟುಚೀಟಿ ತೋರಿಸಿ, ಇವರ ಚೀಟಿಯ ಕೆಳಗೆ ರುಜು ಹಾಕಿ ವಾಪಸು ಕೊಟ್ಟಿದ್ದ.

ಫೋನಿನ ಆ ಕಡೆ ಅಕ್ಕ ನಿಟ್ಟುಸಿರು ಬಿಡುತ್ತಾರೆ. “ನಾನೇ ಬಂದ್ಬಿಡ್ಲಾ? ನನ್ನ ನಾಲಿಗೆ ಅಂಗಡಿ ಕತ್ತರಿಗಿಂತ ಹರಿತ ಅಂತ ನಿನ್ನ ಭಾವ ಸಾಯೋ ತನಕ ಹೇಳ್ತಿದ್ರು.”

“ಬೇಡ ಕಣೇ.”

“ಹಾಗಾದ್ರೆ ನೀನೇ ಬಾಯಿ ಬಿಡು ಮಾರಾಯ್ತಿ. ಬಾಯಿದ್ದೋರು ಬರಗಾಲದಲ್ಲೂ ಬದುಕ್ತಾರೆ. ಇಲ್ದಿದ್ರೆ ನಾಳೆಯಿಂದ ಐದು ಗಂಟೆಗೆ ಎದ್ದು ಏನ್ ಮಾಡ್ತೀಯಾ, ಸೂರಿನ ಜಂತೆ ಎಣಿಸ್ತೀಯಾ?”

ಇರುವೆ ಹೆದರಿರುವುದೂ ಅದಕ್ಕೇ. ಬೆಳಗಿನ ಆ ಎರಡು ಗಂಟೆ ಹತ್ತು ನಿಮಿಷದಲ್ಲಿ ಮಾತ್ರ ಇವರು ಮಾತುಗಾರ್ತಿ. ಜನ ಕೇಳುತ್ತಾರೆ, ಇವರು ಹೇಳುತ್ತಾರೆ, ಜನ ಒಪ್ಪುತ್ತಾರೆ. ಅದನ್ನೂ ಕಿತ್ತುಕೊಂಡರೆ ಉಳಿಯುವುದು ಅಂಟಿನ ಡಬ್ಬಿ, ಮೌನದ ಕೋಣೆ.

ಇನ್ನುಳಿದಿರುವ ದಾರಿ ಒಂದೇ. ಅದು ಮಧ್ಯಾಹ್ನ ಎರಡು ಗಂಟೆಗೆ, ಸಭಾಂಗಣದ ಹೊರಗಿನ ಉದ್ದ ಕಾರಿಡಾರಿನಲ್ಲಿ ಶುರುವಾಗುತ್ತದೆ. ಮುಕ್ತ ತಂತ್ರಾಂಶದವರ ಹಳೆಯ ಪದ್ಧತಿ. ಅಧಿಕಾರವಿರುವ ಪ್ರತಿ ಖಾತೆಗೂ ನಲವತ್ತು ಚಿಹ್ನೆಗಳ ಒಂದು ಗುರುತಿನ ಸಾಲು ಇರುತ್ತದೆ. ಅಂಕಿಗಳು, ನಡುನಡುವೆ ಇಂಗ್ಲಿಷ್ ಅಕ್ಷರಗಳು. ಸಮ್ಮೇಳನಕ್ಕೆ ಬಂದವರು ಎರಡು ಸಾಲಾಗಿ ಎದುರುಬದುರು ನಿಲ್ಲುತ್ತಾರೆ. ಒಬ್ಬರು ತಮ್ಮ ಸಾಲನ್ನು ಗಟ್ಟಿಯಾಗಿ ಓದಬೇಕು. ಎದುರಿನವರು ಅಚ್ಚಾದ ಹಾಳೆಯಲ್ಲಿ ಅದನ್ನು ತಾಳೆ ನೋಡಿ, ಗುರುತಿನ ಚೀಟಿ ನೋಡಿ, ಮುಖ ನೋಡಿ, ಸಹಿ ಮಾಡಬೇಕು. ಬೇರೆಯವರ ಸಾಲು ಓದಿ ಪ್ರಯೋಜನವಿಲ್ಲ, ಆ ಸಹಿ ತೆರೆದುಕೊಳ್ಳುವುದು ಖಾತೆಯ ಗುಪ್ತಪದ ಬಲ್ಲವರಿಗೆ ಮಾತ್ರ. ಸಹಿಯಾದ ಮೇಲೆ ಎಲ್ಲರೂ ಒಂದು ಹೆಜ್ಜೆ ಬಲಕ್ಕೆ ಸರಿಯಬೇಕು. ಪರದೆಯ ಮೇಲೆ ಇದನ್ನು ಮಾಡುವಂತಿಲ್ಲ, ಆದ್ದರಿಂದ ನಾಲ್ಕು ವರ್ಷ ನಿಂತುಹೋಗಿತ್ತು. ಮೂವರ ಸಹಿ ಬಿದ್ದರೆ ಆ ಖಾತೆಗೆ ಜೀವಂತ ಯಜಮಾನರಿದ್ದಾರೆ ಎಂದು ಲೆಕ್ಕ.

ಬಿಲ್ಲೆ ಯಾವುದಾದರೂ ಸರಿ, ಸಾಲಿನಲ್ಲಿ ನಿಲ್ಲಬಹುದು. ಇರುವೆ ನಿಲ್ಲುತ್ತಾರೆ. ಮಾತು ಹುಡುಕಬೇಕಾಗಿಲ್ಲ, ಓದಿದರೆ ಸಾಕು. ಆದರೆ ನಲವತ್ತು ಚಿಹ್ನೆಗಳಲ್ಲಿ ಒಂದನ್ನೂ ಬದಲಿಸುವಂತಿಲ್ಲ. ನಾಲ್ಕು ಎಂದರೆ ನಾಲ್ಕೇ. ಪಕ್ಕದ ಮಾತು ಹಿಡಿಯುವ ಜಾಣತನ ಇಲ್ಲಿ ನಡೆಯುವುದಿಲ್ಲ. ಮತ್ತು ಇವರ ಸಾಲು ಶುರುವಾಗುವುದೇ ನಾಲ್ಕರಿಂದ.

ಎದುರಿಗೆ ಮೊದಲು ಬಂದವನು ಕೊರಳಿಗೆ ಹೆಡ್‌ಫೋನ್ ಹಾಕಿಕೊಂಡ ಒಬ್ಬ ಉದ್ದನೆಯ ಮನುಷ್ಯ. “ಓದಿ ಅಮ್ಮ.”

“ನ... ನ... ನ...”

ಆತ ಅರ್ಧ ನಿಮಿಷ ಕಾಯುತ್ತಾನೆ. ಒಳ್ಳೆಯವನು. ಹಾಳೆಯಲ್ಲಿ ಇವರ ಬೆರಳಿರುವ ಜಾಗ ನೋಡಿ, “ಓ, ನೀವು ತಪ್ಪು ಸಾಲು ಹಿಡ್ಕೊಂಡಿದೀರ. ಇದು ಬಾಟ್‌ದು. ನಿಮ್ಮದೆಲ್ಲಿದೆ ಹುಡುಕೋಣ ಇರಿ,” ಎಂದು ಹಾಳೆ ತಿರುವುತ್ತಾನೆ. ಹುಡುಕಿ ಮುಗಿಯುವಷ್ಟರಲ್ಲಿ ಹೆಜ್ಜೆ ಸರಿಯುವ ಗಂಟೆ ಬಾರಿಸುತ್ತದೆ.

ಎರಡನೆಯವರು ಹಳೇಬೀಗ. ಕತ್ತರಿಸಿದ ನರೆಗೂದಲು, ಮೂಗಿನ ತುದಿಗೆ ಕನ್ನಡಕ. ತಂತ್ರಾಂಶದ ಭದ್ರತೆ ಇವರ ಕೈಯಲ್ಲಿ. ಯಜಮಾನರಿಲ್ಲದ ಖಾತೆ ಬಾಗಿಲು ತೆರೆದಿಟ್ಟ ಮನೆ ಇದ್ದ ಹಾಗೆ, ಮುಚ್ಚಲೇಬೇಕು ಎಂದು ಪಟ್ಟಿ ಮಾಡಿದವರೂ ಇವರೇ. ತಮ್ಮ ಸಾಲನ್ನು ಪಟಪಟನೆ ಓದಿ ಮುಗಿಸಿ, “ಈಗ ನೀವು,” ಎನ್ನುತ್ತಾರೆ.

“ನ... ನ...”

ಹಳೇಬೀಗ ಹಾಳೆಯ ಮೇಲೆ ಪೆನ್ಸಿಲು ಇಟ್ಟು ನಿಲ್ಲುತ್ತಾರೆ. ಮಾತು ಪೂರ್ತಿ ಮಾಡಿಕೊಡುವುದಿಲ್ಲ, ತಲೆಯಾಡಿಸುವುದಿಲ್ಲ, ಗಡಿಯಾರ ನೋಡುವುದಿಲ್ಲ. ಅದು ಕರುಣೆಯೂ ಅಲ್ಲ. ಓದಬೇಕಾದವರು ಓದಬೇಕು, ಕೇಳಬೇಕಾದವರು ಕೇಳಬೇಕು, ಅಷ್ಟೇ ಅವರಿಗೆ ಗೊತ್ತಿರುವುದು.

“ನಾಲ್ಕು,” ಎನ್ನುತ್ತಾರೆ ಇರುವೆ. ಪೆನ್ಸಿಲು ಒಂದು ಚುಕ್ಕಿ ಹಾಕುತ್ತದೆ. “ಎ... ಎಫ್. ಒ... ಒಂಬತ್ತು.”

ಗಂಟೆ ಬಾರಿಸುತ್ತದೆ. ಹಳೇಬೀಗ ಕದಲುವುದಿಲ್ಲ. ಒಂದು ಜೋಡಿ ನಿಂತರೆ ಇಡೀ ಸಾಲು ನಿಲ್ಲಬೇಕು.

“ಯಾಕೆ ನಿಂತೋಯ್ತು?” ಎಂದು ಹಿಂದಿನಿಂದ ಯಾರೋ. “ಚಹಾ ಆರೋಗತ್ತೆ, ಬೇಗ ಬನ್ರಪ್ಪಾ!” ಎಂದು ಇನ್ಯಾರೋ.

“ಬಾಯಿ ಮುಚ್ಕೊಂಡ್ ನಿಂತ್ಕೊಳ್ರೋ!” ತಿರುಗಿಯೂ ನೋಡದೆ ಹಳೇಬೀಗ ಗದರುತ್ತಾರೆ. “ಇಲ್ಲಿ ಓದ್ತಿದಾರೆ.”

ಇರುವೆ ಮುಂದೆ ಓದುತ್ತಾರೆ. ಸೊನ್ನೆ. ಎರಡು. ಬಿ. ಏಳು ಎನ್ನಲು ಒಂದು ನಿಮಿಷ ಹಿಡಿಯುತ್ತದೆ. ಇರುವೆಯ ಕುತ್ತಿಗೆಯ ನರ ಉಬ್ಬುತ್ತದೆ, ಹಣೆಯ ಬೆವರು ಕಣ್ಣಿಗಿಳಿಯುತ್ತದೆ. ಇಪ್ಪತ್ತು. ಮೂವತ್ತು. ಒಂಬತ್ತು ನಿಮಿಷವಾದ ಮೇಲೆ ನಲವತ್ತನೆಯ ಚುಕ್ಕಿ ಬೀಳುತ್ತದೆ.

ಹಳೇಬೀಗ ಹಾಳೆಯನ್ನು ಮೇಲಿಂದ ಕೆಳಗೆ ಮತ್ತೊಮ್ಮೆ ನೋಡುತ್ತಾರೆ. ಎಲ್ಲವೂ ತಾಳೆಯಾಗಿದೆ. ಆಮೇಲೆ ಸಾಲಿನ ಎಡಗಡೆ ಅಚ್ಚಾಗಿರುವ ಹೆಸರಿನ ಮೇಲೆ ಅವರ ಕಣ್ಣು ನಿಲ್ಲುತ್ತದೆ. ಕನ್ನಡಕ ತೆಗೆಯುತ್ತಾರೆ.

“ಇರುವೆ ಅಂದ್ರೆ... ನೀವಾ?”

“ಹೂಂ.”

“ಏಳು ವರ್ಷದಿಂದ? ದಿನಾ?”

“ಹೂಂ.”

“ಅಲ್ಲಾ, ನಾನು ನಿಮಗೆ ಎಷ್ಟು ಸಲ ‘ಏ ದರಿದ್ರ ಬಾಟೇ’ ಅಂತ ಬೈದಿದೀನಿ!”

“ಮೂ... ಮೂವತ್ತೆರಡು ಸಲ,” ಎನ್ನುತ್ತಾರೆ ಇರುವೆ. “ನಿ... ನಿಮ್ಮೊಬ್ಬರ ಲೆಕ್ಕ.”

ಹಳೇಬೀಗರ ಮುಖ ಮೊದಲು ಕೆಂಪಾಗುತ್ತದೆ. ಆಮೇಲೆ ಅಲ್ಲೇ ನಗು ಒಡೆಯುತ್ತದೆ, ನಗುನಗುತ್ತಲೇ ಕಣ್ಣು ಒರೆಸಿಕೊಳ್ಳುತ್ತಾರೆ. ಹಾಳೆಯನ್ನು ಗೋಡೆಗೊತ್ತಿ ಸಹಿ ಮಾಡಿ, ಕಾರಿಡಾರಿನ ತುದಿಗೆ ಕೇಳುವ ಹಾಗೆ ಕೂಗುತ್ತಾರೆ: “ಏಯ್ ಗೂಬೆ! ಇಲ್ಲಿ ಬಾ! ನಿನ್ನ ಮೂರನೇ ಬಾಟ್ ರೈಲು ಹತ್ತಿ ಬಂದಿದೆ ಕಣೋ!”

ಗೂಬೆ ಓಡಿ ಬರುತ್ತಾನೆ. ಹಿಂದಿನ ದಿನ ತಾನು ಚೀಟಿಗೆ ರುಜು ಹಾಕಿಕೊಟ್ಟ ಹೆಂಗಸಿನ ಮುಖ ನೋಡುತ್ತಲೇ ಆತನಿಗೆ ಎಲ್ಲವೂ ಅರ್ಥವಾಗುತ್ತದೆ. ತಲೆಯ ಮೇಲೆ ಕೈ ಹೊತ್ತುಕೊಂಡು ಅಲ್ಲೇ ಕುಕ್ಕರಿಸುತ್ತಾನೆ. ಎದೆಯ ಅಂಟುಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾನೆ. ಏಳುವುದಕ್ಕೆ ಸ್ವಲ್ಪ ಹೊತ್ತು ಬೇಕಾಗುತ್ತದೆ.

“ಓದಿ ಅಕ್ಕ,” ಎನ್ನುತ್ತಾನೆ ಎದುರು ನಿಂತು. “ನಂಗೂ ಓದಿ. ಎಷ್ಟು ಹೊತ್ತಾದ್ರೂ ಆಗ್ಲಿ.”

ಎಂಟು ನಿಮಿಷವಾಗುತ್ತದೆ. ಮೂರನೆಯ ಸಹಿ ಹೆಡ್‌ಫೋನಿನ ಮನುಷ್ಯನದು. ಸಾಲು ಬಿಟ್ಟು ವಾಪಸು ಬಂದು, “ನಾನೇ ಹಾಳೆ ತಿರುವಿಬಿಟ್ಟೆ, ಇನ್ನೊಂದ್ಸಲ ಓದ್ತೀರಾ?” ಎಂದು ತಲೆ ತಗ್ಗಿಸಿ ನಿಲ್ಲುತ್ತಾನೆ. ಅಲ್ಲಿಗೆ ಲೆಕ್ಕ ಮುಗಿಯಿತು, ಖಾತೆ ಉಳಿಯಿತು. ಆದರೆ ಜನ ಬಿಡಬೇಕಲ್ಲ. ಒಬ್ಬರಾದ ಮೇಲೆ ಒಬ್ಬರು ಎದುರು ಬಂದು ನಿಲ್ಲುತ್ತಾರೆ. ನನ್ನ ಇಂಥ ದೂರನ್ನು ನೀವೇ ನೋಡಿದ್ದು, ಆ ದಿನ ನಾನು ಗ್ರಂಥಾಲಯದಲ್ಲಿ ಒಬ್ಬಳೇ ಅಳುತ್ತಾ ಕೂತಿದ್ದೆ, ನಿಮ್ಮ ಉತ್ತರ ಬಂತು ಎನ್ನುತ್ತಾಳೆ ಒಬ್ಬಳು. ಉಗ್ಗು ಎಲ್ಲೂ ಹೋಗಿಲ್ಲ. ಹನ್ನೊಂದನೆಯವರಿಗೆ ಓದುವಾಗಲೂ ನಾಲ್ಕು ಅಡ್ಡ ನಿಂತೇ ನಿಲ್ಲುತ್ತದೆ. ಕಾರಿಡಾರಿನಲ್ಲಿ ಚಹಾ ಆರುತ್ತದೆ. ಯಾರೂ ಕುಡಿಯಲು ಹೋಗುವುದಿಲ್ಲ.

ನಾಲ್ಕು ಗಂಟೆಯ ಸಭೆ ಐದೂವರೆಗೆ ಶುರುವಾಗುತ್ತದೆ. ಗೂಬೆ ವೇದಿಕೆ ಹತ್ತಿ ಪಟ್ಟಿಯ ಮೂರನೆಯ ಹೆಸರನ್ನು ಹೊಡೆದುಹಾಕುತ್ತಾನೆ. ಆಮೇಲೆ ಮೈಕು ಹಿಡಿಯುತ್ತಾನೆ. “ಬಾಟ್ ಅಂದ್ಕೊಂಡು ಏಳು ವರ್ಷದಲ್ಲಿ ನಾವ್ಯಾರೂ ಇವರಿಗೆ ಒಂದು ಥ್ಯಾಂಕ್ಸ್ ಹೇಳ್ಲಿಲ್ಲ. ಹುಷಾರಾಗಿದೀರಾ ಅಂತ ಕೇಳ್ಲಿಲ್ಲ. ಅಕ್ಕ, ನಿಮಗೇನು ಬೇಕು, ಕೇಳಿ. ಹೊಸ ಲ್ಯಾಪ್‌ಟಾಪ್ ಬೇಕಾ? ವೇದಿಕೆ ಮೇಲೆ ಸನ್ಮಾನ ಬೇಕಾ?”

ನೂರ ನಲವತ್ತು ಜನ ಕಾಯುತ್ತಾರೆ. ಇರುವೆ ಕೂತಲ್ಲಿಂದ ಎದ್ದು ನಿಲ್ಲುತ್ತಾರೆ.

“ಭಾ... ಭಾ... ಭಾನುವಾರ,” ಎನ್ನುತ್ತಾರೆ. “ರ... ರಜೆ.”

ಇದು ಮೂರು ವಾರದ ಹಿಂದಿನ ಮಾತು. ಈಗ ಭಾನುವಾರ, ಬೆಳಗಿನ ಐದೂವರೆ. ಅಡುಗೆಮನೆಯ ಮೇಜಿನ ಮುಂದೆ ಇರುವೆ ಎದ್ದು ಕೂತಿದ್ದಾರೆ. ರೂಢಿ ಬಿಟ್ಟುಹೋಗುವುದು ಸುಲಭವಲ್ಲ. ಲ್ಯಾಪ್‌ಟಾಪ್ ತೆರೆದಿದೆ, ಕೈಗಳು ಮಾತ್ರ ಮಡಿಲಲ್ಲಿವೆ. ಭಾನುವಾರದ ದೂರುಗಳ ಪಾಳಿ ಈಗ ಗೂಬೆಯದು. ಆತನ ಉತ್ತರಗಳು ಒಂದೊಂದಾಗಿ ಪರದೆಯ ಮೇಲೆ ಮೂಡುತ್ತಿವೆ. ಗ್ರಂಥಾಲಯದವರೊಬ್ಬರಿಗೆ ಆತ ಬರೆದಿದ್ದಾನೆ: ‘ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇದೆ.’

“ಅ... ಅಯ್ಯಯ್ಯೋ,” ಎನ್ನುತ್ತಾರೆ ಇರುವೆ. ಬಲಗೈ ತಾನಾಗಿ ಕೀಲಿಮಣೆಯತ್ತ ಹೋಗುತ್ತದೆ.

“ಕೈ ತೆಗಿ,” ಎನ್ನುತ್ತಾರೆ ಒಲೆಯ ಮುಂದೆ ನಿಂತ ಅಕ್ಕ. “ರಜೆ ಅಂದ್ರೆ ರಜೆ. ಊರೆಲ್ಲಾ ಕೇಳೋ ಹಾಗೆ ಕೇಳಿ ಇಸ್ಕೊಂಡಿದ್ದಲ್ವಾ?”

ಕೈ ಮಡಿಲಿಗೆ ಮರಳುತ್ತದೆ. ದೂರು ಕೊಟ್ಟವರು ಮೊದಲಿಗಿಂತ ಸಿಟ್ಟಾಗಿ ಮತ್ತೆ ಬರೆಯುತ್ತಾರೆ. ಗೂಬೆ ಕ್ಷಮೆ ಕೇಳುತ್ತಾನೆ, ಇನ್ನೊಂದು ತಪ್ಪು ಮಾಡುತ್ತಾನೆ, ಅದನ್ನು ತಿದ್ದುತ್ತಾನೆ. ಕಿಟಕಿಯ ಹೊರಗೆ ಬೆಳಕು ಹರಿಯುತ್ತದೆ.

“ಹೇಗ್ ಮಾಡ್ತಿದಾನೆ ನಿನ್ನ ಗೂಬೆ?” ಅಕ್ಕ ಲೋಟ ತಂದಿಡುತ್ತಾರೆ.

“ಗಂ... ಗಂಟೆಗೆ ಎರಡು.”

“ನೀನು?”

“ಐದು.” ಆ ಮಾತು ಒಂದೇ ಏಟಿಗೆ ಬರುತ್ತದೆ. ಇರುವೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಪರದೆಯನ್ನು ಇನ್ನೊಮ್ಮೆ ನೋಡುತ್ತಾರೆ. “ಕ... ಕಲೀತಾರೆ ಬಿಡು ಅಕ್ಕ. ಏಳು ವರ್ಷ ಬೇಕು, ಅಷ್ಟೇ.”